ಒಂಬತ್ತು ವರ್ಷದ ಇಂಪಲ್ಸ್: ಒಂದು ಕಿಕ್ಕಿನ ಗಾಡಿ ಮೂವತ್ತು ಕಿಕ್ಕಿಗೆ ಬಂದದ್ದು ಯಾಕೆ

ಹೀರೋ ಇಂಪಲ್ಸ್ ಬೈಕು 2011ರಲ್ಲಿ ಹೊಸದಾಗಿ ಬಂದಾಗ ಶೋರೂಮಿಗೆ ಹೋಗಿ, ಒಮ್ಮೆ ಹತ್ತಿ ಕೂತು, ಇಳಿದು ಬಂದಿದ್ದೆ. ಕೈಯಲ್ಲಿ ದುಡ್ಡಿರಲಿಲ್ಲ. 2016ರಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅವತ್ತಿನಿಂದ ಬೆಳಗಾವಿಯ ಟಿಳಕವಾಡಿಯಿಂದ ಜಾಂಬೋಟಿ ಕಡೆಯ ನನ್ನ ಶಾಲೆಗೆ ಹೋಗಿಬರುವುದು ಇದರ ಮೇಲೆಯೇ. ಮೈಲೇಜು, ಪವರು, ಸೀಟಿನ ಎತ್ತರ ಎಲ್ಲ ನೀವು ಬೇರೆ ಕಡೆ ಓದಿರುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆಯ ಕೆಂಪು ರಾಡಿಯಲ್ಲಿ ಈ ಗಾಡಿ ನನ್ನನ್ನು ಒಂದು ದಿನವೂ ಕೈಬಿಟ್ಟಿಲ್ಲ ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ. ನಾನು ಬರೆಯಲು ಕೂತಿರುವುದು ಕಿಕ್ಕಿನ ಬಗ್ಗೆ.

ಇದಕ್ಕೆ ಸೆಲ್ಫ್ ಇದೆ. ಆದರೂ ಮುಂಜಾನೆಯ ಮೊದಲ ಸ್ಟಾರ್ಟು ಕಿಕ್ಕಿನಲ್ಲೇ ಆಗಬೇಕು, ಅದು ನನ್ನ ರೂಢಿ. ಪೆಟ್ರೋಲ್ ಕಾಕ್ ತಿರುಗಿಸಿ, ಚೋಕ್ ಎಳೆದು, ಕೀಲಿ ಹಾಕದೆಯೇ ಎರಡು ಸಲ ಕಿಕ್ಕನ್ನು ನಿಧಾನಕ್ಕೆ ಕೆಳಗೊತ್ತುತ್ತೇನೆ. ಆಮೇಲೆ ಕೀಲಿ. ಪಾದದಿಂದ ಮೆಲ್ಲಗೆ ಒತ್ತುತ್ತಾ ಹೋದರೆ ಒಂದು ಜಾಗದಲ್ಲಿ ಕಿಕ್ ಗಟ್ಟಿಯಾಗಿ ನಿಲ್ಲುತ್ತದೆ. ಪಿಸ್ಟನ್ ಗಾಳಿಯನ್ನು ಅದುಮಿ ಹಿಡಿದಿರುವ ಜಾಗ ಅದು. ಅದನ್ನು ಕೂದಲೆಳೆಯಷ್ಟು ದಾಟಿಸಿ, ಕಿಕ್ ಮೇಲೆ ಬರಲು ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಪೂರ್ತಿ ಕೆಳಗಿನವರೆಗೆ ಒಂದೇ ತುಳಿತ. ಚೋಕ್ ಎಳೆದಿರುವಾಗ ಆಕ್ಸಿಲರೇಟರ್ ತಿರುವಿದರೆ ಚೋಕ್ ಎಳೆದದ್ದು ವ್ಯರ್ಥ. ಎಂಜಿನ್ ಹಿಡಿದ ಸದ್ದು ಕೇಳಿದ ಕೂಡಲೇ ಒಳಗಿನಿಂದ ಅವ್ವ ಡಬ್ಬಿ ಹಿಡಿದು ಬರುತ್ತಾಳೆ. ಎಂಟು ವರ್ಷ ನಮ್ಮ ಮನೆಯ ಮುಂಜಾನೆ ನಡೆದದ್ದೇ ಹೀಗೆ.

ಒಂದು ಲಕ್ಷ ಕಿ.ಮೀ. ದಾಟಿದ ಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಶುರುವಾಯಿತು, ಆಯಿಲ್ ಕಡಿಮೆಯಾಗತೊಡಗಿತು. ಸಂಕ್ರಾಂತಿ ಮುಗಿಸಿ ಹಾಫ್ ಎಂಜಿನ್ ಕೆಲಸಕ್ಕೆ ಒಂದು ಗ್ಯಾರೇಜಿಗೆ ಬಿಟ್ಟೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸಿಲಿಂಡರ್ ಬೋರ್ ಮಾಡಿಸಿ, 0.25 ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್ ಹಾಕಿ, ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ವಾಲ್ವುಗಳನ್ನು ಅವುಗಳ ಸೀಟಿಗೆ ಉಜ್ಜಿ ಕೂರಿಸುವ ಲ್ಯಾಪಿಂಗ್ ಮಾಡಿ, ವಾಲ್ವ್ ಸೀಲ್ ಬದಲಿಸಿ ಕೊಟ್ಟರು. 8,400 ರೂಪಾಯಿ. ಮೊದಲ ವಾರ ಬಂಗಾರದಂಥ ಗಾಡಿ. ಹೊಗೆ ಇಲ್ಲ, ಒಂದೇ ಕಿಕ್ಕು.

ಎರಡನೆಯ ವಾರ ಮುಂಜಾನೆ ಐದಾರು ಕಿಕ್ ಬೇಕಾದವು. ಮೂರನೆಯ ವಾರಕ್ಕೆ, ಬಿಸಿ ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಮಾಡಲು ಇಪ್ಪತ್ತು, ಮೂವತ್ತು. ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿಯೂ ಕೂತಿತು. ಸಂಜೆ ಶಾಲೆ ಬಿಟ್ಟ ಮೇಲೆ ಒಂಬತ್ತನೆಯ ತರಗತಿಯ ಹುಡುಗರು ಗೇಟಿನ ಹತ್ತಿರ ನನಗಾಗಿ ಕಾಯತೊಡಗಿದರು. "ದೂಡೂಣೇನ್ರೀ ಸರ್?" ಇಳಿಜಾರಿನಲ್ಲಿ ಎರಡನೆಯ ಗೇರು ಹಾಕಿ ದೂಡಿಸಿಕೊಂಡರೆ ಗಾಡಿ ತಟ್ಟನೆ ಹಿಡಿಯುತ್ತಿತ್ತು. ಕಿಕ್ಕಿಗೆ ಬಾರದ ಗಾಡಿ ದೂಡಿದರೆ ಯಾಕೆ ಬರುತ್ತದೆ ಎಂದು ಆಗಲೇ ಯೋಚಿಸಿದ್ದರೆ ನನ್ನ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಗ್ಯಾರೇಜಿನವರು ಮೊದಲು ಕಾರ್ಬೋರೇಟರ್ ತೊಳೆದರು, ಪೈಲಟ್ ಜೆಟ್ ಊದಿದರು. ಆಮೇಲೆ ಹೊಸ ಪ್ಲಗ್. ಆಮೇಲೆ, "ಹೊಸ ರಿಂಗ್ ಐತ್ರೀ ಸರ್, ಸೆಟ್ ಆಗಾಕ ಟೈಮ್ ಹಿಡೀತೈತಿ." ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಹೊಸ ರಿಂಗಿನ ಬಿಗಿಯಾದರೆ ಕಿಕ್ ಗಟ್ಟಿಯಾಗಬೇಕು. ನನ್ನ ಕಾಲಿನ ಕೆಳಗೆ ಅದು ದಿನದಿಂದ ದಿನಕ್ಕೆ ಮೆತ್ತಗಾಗುತ್ತಿತ್ತು, ಮೊದಲಿನ ಆ ಗಟ್ಟಿ ಜಾಗವೇ ಸಿಗುತ್ತಿರಲಿಲ್ಲ. ಅದನ್ನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಮನೆಯಲ್ಲಿ ಕೂತು ಎಂಜಿನ್ನಿನ ಅರ್ಥ್ ವೈರು ಬಿಗಿ ಇದೆಯೇ ಎಂದು ನೋಡಿದೆ. ಕಾರ್ಬೋರೇಟರ್ ಮತ್ತು ಎಂಜಿನ್ನಿನ ಮೇಲ್ಭಾಗದ ಹೆಡ್ಡಿನ ನಡುವೆ ಗಾಳಿ ಎಳೆಯುತ್ತಿದ್ದರೆ ಅಲ್ಲಿ ಸ್ಪ್ರೇ ಹೊಡೆದಾಗ ಐಡ್ಲಿಂಗ್ ಏರಿಳಿಯಬೇಕು, ಅದೂ ಆಗಲಿಲ್ಲ. ಮಾರಿಬಿಡೋಣ ಎಂದು ಫೋಟೋ ಕೂಡ ತೆಗೆದಿಟ್ಟಿದ್ದೆ.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಉದ್ಯಮಬಾಗದಲ್ಲಿ ಬೋರಿಂಗ್ ಮಶೀನಿನ ಮೇಲೆ ಆಯುಷ್ಯ ಕಳೆದವರು, ಈಗ ಮನೆಯಲ್ಲಿರುತ್ತಾರೆ. ನಾನು ಒಂದು ಭಾನುವಾರ ಕಿಕ್ ಹೊಡೆಯುತ್ತಾ ಬೆವರುತ್ತಿದ್ದುದನ್ನು ಕಟ್ಟೆಯ ಮೇಲಿನಿಂದ ನೋಡಿ ಎದ್ದು ಬಂದರು. "ಹೊಡೀಬ್ಯಾಡ. ಕಿಕ್ಕಿನ ಮ್ಯಾಲ ಸುಮ್ಮನ ನಿಂದ್ರು." ನಿಂತೆ. ಲಿಫ್ಟಿನಲ್ಲಿ ಇಳಿದ ಹಾಗೆ ಸೀದಾ ಕೆಳಗೆ ಹೋದೆ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ ಅದುಮುವ ಬಲ, ಸರಿ ಇದ್ದಿದ್ದರೆ ಗಟ್ಟಿ ಜಾಗದಲ್ಲಿ ಸ್ವಲ್ಪ ಹೊತ್ತಾದರೂ ಅದು ನನ್ನನ್ನು ಹೊತ್ತು ನಿಲ್ಲಬೇಕಿತ್ತು. ಪ್ಲಗ್ ಬಿಚ್ಚಿಸಿ, ಆ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಡಿಸಿ, ಪ್ಲಗ್ ಹಾಕಿಸಿ, ಮತ್ತೆ ನಿಲ್ಲಿಸಿದರು. ಮತ್ತೆ ಅಷ್ಟೇ ಸಲೀಸಾಗಿ ಇಳಿದೆ. ಗಾಳಿ ರಿಂಗಿನ ಕಡೆ ಸೋರುತ್ತಿದ್ದರೆ ಆಯಿಲ್ ಆ ಸಂದು ಮುಚ್ಚಿ ಕಿಕ್ ಗಟ್ಟಿಯಾಗುತ್ತದೆ. ಆಗದಿದ್ದರೆ ಸೋರುವುದು ಮೇಲೆ, ಹೆಚ್ಚಾಗಿ ವಾಲ್ವಿನಲ್ಲಿ. ಒಂದು ಚಮಚ ಆಯಿಲ್‌ನಲ್ಲಿ ಸಿಕ್ಕ ಉತ್ತರಕ್ಕೆ ನಾನು ಎಷ್ಟು ದಿನ ಒದ್ದಾಡಿದ್ದೆ!

ಹಾಗಾದರೆ ಟ್ಯಾಪೆಟ್, ಅಂದರೆ ವಾಲ್ವಿನ ಕಡ್ಡಿಗೂ ಅದನ್ನು ಒತ್ತಿ ತೆರೆಯುವ ರಾಕರಿಗೂ ನಡುವಿನ ಸಂದು, ಈಗಲೇ ನೋಡೋಣ ಎಂದರೆ ಕಾಕಾ ಒಪ್ಪಲಿಲ್ಲ. "ಬಿಸಿ ಐತಿ, ಇವತ್ತ ಕೈ ಹಚ್ಚೂದಿಲ್ಲ. ರಾತ್ರಿ ಇಲ್ಲೇ ಬಿಡು." ಮರುದಿನ ನಸುಕಿನಲ್ಲಿ, ತಣ್ಣಗಿನ ಎಂಜಿನ್ ಮೇಲೆ, ಎರಡೂ ಟ್ಯಾಪೆಟ್ ಮುಚ್ಚಳ ಬಿಚ್ಚಿ, ಪಿಸ್ಟನ್ ಪೂರ್ತಿ ಮೇಲಿದೆ ಎಂದು ತೋರಿಸುವ ಫ್ಲೈವೀಲಿನ ಟಿ ಗುರುತನ್ನು ಕಂಪ್ರೆಷನ್ ಹೊಡೆತದಲ್ಲಿ ಕಿಂಡಿಗೆ ತಂದು ನಿಲ್ಲಿಸಿದರು. ಆ ಸ್ಥಿತಿಯಲ್ಲಿ ಎರಡೂ ರಾಕರ್ ಸ್ವಲ್ಪ ಅಲುಗಾಡಬೇಕು. ಇನ್‌ಲೆಟ್ ರಾಕರನ್ನು ಬೆರಳಲ್ಲಿ ಹಿಡಿದು ಅಲುಗಿಸಿದರು, ಟಿಕ್ ಟಿಕ್ ಎಂದಿತು. ಹೊಗೆ ಹೊರಬಿಡುವ ಕಡೆಯ ಎಕ್ಸಾಸ್ಟ್ ರಾಕರ್ ಕಲ್ಲಿನ ಹಾಗೆ ಕೂತಿತ್ತು. ಸಂದು ಅಳೆಯುವ ಫೀಲರ್ ಗೇಜಿನ ಎಲ್ಲಕ್ಕಿಂತ ತೆಳು ಎಲೆಯೂ ಒಳಗೆ ಹೋಗಲಿಲ್ಲ.

ಲ್ಯಾಪಿಂಗ್ ಮಾಡಿದಾಗ ವಾಲ್ವ್ ತನ್ನ ಸೀಟಿನಲ್ಲಿ ಇನ್ನಷ್ಟು ಒಳಗೆ ಕೂರುತ್ತದೆ, ಅದರ ಕಡ್ಡಿಯ ತುದಿ ರಾಕರಿನ ಕಡೆ ಅಷ್ಟೇ ಮೇಲೇಳುತ್ತದೆ. ಗ್ಯಾರೇಜಿನವರು ಸಂದಿನ ಅಳತೆ ಸರಿಯಾಗಿಯೇ ಇಟ್ಟಿದ್ದರು, ಮೊದಲ ವಾರ ಗಾಡಿ ಚೆನ್ನಾಗಿ ನಡೆದದ್ದೇ ಅದಕ್ಕೆ ಸಾಕ್ಷಿ. ಆದರೆ ಹೊಸದಾಗಿ ಉಜ್ಜಿದ ಸೀಟು ಓಡುತ್ತಾ ಓಡುತ್ತಾ ಇನ್ನೂ ಕೂರುತ್ತದೆ, ಸಂದು ಮುಚ್ಚುತ್ತಾ ಬರುತ್ತದೆ. ಬಿಸಿಯಾದಾಗ ಕಡ್ಡಿ ಉದ್ದವಾಗಿ ಉಳಿದ ಸಂದೂ ಹೋಗುತ್ತದೆ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಗಾಳಿ ಸೋರುತ್ತದೆ. ದೂಡಿದಾಗ ಎಂಜಿನ್ ಜೋರಾಗಿ ತಿರುಗುವುದರಿಂದ ಸೋರಲು ವೇಳೆ ಸಿಗುವುದಿಲ್ಲ, ಗಾಡಿ ಹಿಡಿಯುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿ ಇಳಿಸುವುದೇ ಸೀಟಿಗೆ ಒತ್ತಿ ಕೂತಾಗ. ಇನ್ನೊಂದಷ್ಟು ದಿನ ಹೀಗೇ ಓಡಿಸಿದ್ದರೆ ಅಂಚು ಸುಡುತ್ತಿತ್ತು. "ಟ್ಯಾಪೆಟ್ ಟಿಕ್‌ಟಿಕ್ ಅಂದ್ರ ಅಂಜಬ್ಯಾಡ, ಸುಮ್ಮನಾತಂದ್ರ ಅಂಜು" ಎಂದರು ಕಾಕಾ.

ಅಳತೆ ಹೊಂದಿಸುವ ಕೆಲಸ ನನ್ನ ಕೈಯಿಂದಲೇ ಮಾಡಿಸಿದರು. ಗೇಜಿನ ಎಲೆಯನ್ನು ಸಂದಿನಿಂದ ಎಳೆದರೆ, ರೇಷನ್ ಕಾರ್ಡನ್ನು ಅದರ ಪ್ಲಾಸ್ಟಿಕ್ ಕವರಿನಿಂದ ಎಳೆದಷ್ಟು ಹಿಡಿತ ಇರಬೇಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೆ ತಿರುಗಿ ಅಳತೆ ಕೆಡುತ್ತದೆ, ಅದಕ್ಕೆ ಸ್ಕ್ರೂ ಹಿಡಿದೇ ನಟ್ ಬಿಗಿಯಬೇಕು, ಬಿಗಿದ ಮೇಲೆ ಇನ್ನೊಮ್ಮೆ ಎಲೆ ತೂರಿಸಿ ನೋಡಬೇಕು. ಮೂರನೆಯ ಸಲಕ್ಕೆ ನನಗೆ ಬಂತು. ಮುಚ್ಚಳ ಹಾಕಿ, ಚೋಕ್ ಎಳೆದು, ಕಾಲಿಟ್ಟೆ. ಕಿಕ್ ನಡುವೆ ನಿಂತಿತು. ಎಷ್ಟೋ ದಿನದ ಮೇಲೆ ಆ ಗಟ್ಟಿ ಜಾಗ ಕಾಲಿಗೆ ಸಿಕ್ಕಾಗ ಆದ ಸಂತೋಷ ದೊಡ್ಡದು. ಒಂದೇ ತುಳಿತಕ್ಕೆ ಹಿಡಿಯಿತು. ಕಾಕಾ ದುಡ್ಡು ಮುಟ್ಟಲಿಲ್ಲ, ಕುಂದಾ ತಂದುಕೊಟ್ಟೆ.

ಅವತ್ತು ಸಂಜೆ ಗೇಟಿನ ಹತ್ತಿರ ನಾಲ್ಕು ಹುಡುಗರು ತೋಳು ಮಡಚಿ ನಿಂತಿದ್ದರು. ಅವರ ಎದುರೇ ಗಾಡಿ ಸ್ಟಾರ್ಟ್ ಆದಾಗ ಒಬ್ಬನ ಮುಖ ಸಣ್ಣದಾಯಿತು, ಅವನನ್ನು ಹಿಂದೆ ಕೂರಿಸಿಕೊಂಡು ಮೈದಾನದಲ್ಲಿ ಒಂದು ಸುತ್ತು ಹಾಕಿದೆ.

ಗ್ಯಾರೇಜಿನ ಮೇಲಿನ ನನ್ನ ಸಿಟ್ಟು ಇಳಿದಿದೆ. ಕೆಲಸ ಕೆಟ್ಟದಾಗಿರಲಿಲ್ಲ, 500 ಕಿ.ಮೀ. ಆದ ಮೇಲೆ ಟ್ಯಾಪೆಟ್ ತೋರಿಸಿರಿ ಎಂಬ ಒಂದು ಮಾತು ಹೇಳದೆ ಬಿಟ್ಟರು, ಅಷ್ಟೇ. ವಾಲ್ವ್ ಕೆಲಸ ಮಾಡಿಸುವವರು ಗಾಡಿ ತರುವಾಗಲೇ ಇದನ್ನು ಕೇಳಿಕೊಳ್ಳಿ. ಇಂಥ ಎತ್ತರದ ಹೊಸ ಗಾಡಿ ಕೊಳ್ಳುವುದು, ಮಗಳ ಕಾಲೇಜಿನ ಫೀ ಇರುವಾಗ, ನನಗೆ ಆಗದ ಮಾತು. ಮಾರಲು ತೆಗೆದ ಫೋಟೋ ಅಳಿಸಿದ್ದೇನೆ. ಫೀಲರ್ ಗೇಜ್ ಕೊಂಡು ಟೂಲ್ ಚೀಲದಲ್ಲಿ ಇಟ್ಟಿದ್ದೇನೆ. ಅಂದಿನಿಂದ ಎರಡು ಸಲ ನೋಡಿದ್ದೇನೆ: ಮೊದಲ ಸಲ ಎಕ್ಸಾಸ್ಟ್ ಮತ್ತೆ ತುಸು ಬಿಗಿದಿತ್ತು, ಎರಡನೆಯ ಸಲ ಇಟ್ಟಲ್ಲೇ ಇತ್ತು.