ಟ್ಯಾಪೆಟ್ ಕವರ್‌ಗೆ ಪೇಸ್ಟ್ ಮೆತ್ತೋ ಮೆಕ್ಯಾನಿಕ್ ಹತ್ರ ಹುಷಾರು

ಹಳೆ ಗಾಡಿ ಇಟ್ಕೊಂಡಿರೋರು ದಯವಿಟ್ಟು ಓದಿ. ಇಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಸುತ್ತ ಆಯಿಲ್ ಜಿನುಗ್ತಿದೆ ಅಂತ ತೋರಿಸಿದಾಗ "ಹೊಸ ಪ್ಯಾಕಿಂಗ್ ಯಾಕೆ ಸಾರ್, ಪೇಸ್ಟ್ ಹಾಕಿ ಟೈಟ್ ಮಾಡಿದ್ರೆ ಸಾಕು" ಅಂದ್ರೆ ಅಲ್ಲಿಂದ ಗಾಡಿ ಎತ್ಕೊಂಡು ಬಂದ್ಬಿಡಿ. ನಂಗೆ ಆ ಮಾತನ್ನೂ ಹೇಳ್ಲಿಲ್ಲ, ಸುಮ್ನೆ ಮೆತ್ತಿ ಕಳಿಸಿದ್ರು, ಬಿಲ್ಲಲ್ಲಿ ಮಾತ್ರ ಹೊಸ ಗ್ಯಾಸ್ಕೆಟ್ (ಅದೇ ಪ್ಯಾಕಿಂಗ್, ಕವರ್ ಕೆಳಗೆ ಕೂರೋ ರಬ್ಬರ್ ಸೀಲು) ಅಂತ ನೀಟಾಗಿ ಬರೆದಿತ್ತು.

ಕಾಯಿಲೆ ಸಣ್ಣದೇ ಇತ್ತು. ಗಾಡಿ ನಿಲ್ಸಿದಾಗೆಲ್ಲ ಸುಟ್ಟ ಆಯಿಲ್ ವಾಸನೆ, ಬಾನೆಟ್ ಎತ್ತಿದ್ರೆ ಇಂಜಿನ್ ಹೊಗೆ ಹೊರಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ತೆಳ್ಳಗೆ ಹೊಗೆ. ವರ್ಷಗಟ್ಲೆ ಬಿಸಿಯಲ್ಲಿ ಕೂತು ರಬ್ಬರ್ ಗಟ್ಟಿಯಾಗತ್ತೆ, ಚಪ್ಪಟೆಯಾಗತ್ತೆ, ಹಿಡಿತ ಬಿಡತ್ತೆ, ಹಳೆ ಇಂಜಿನ್ ಅಂದ್ಮೇಲೆ ಬರೋದೇ. ಆದ್ರೆ ಬಿಟ್ಟುಬಿಡೋ ವಿಷ್ಯ ಅಲ್ಲ, ಕಾದ ಮ್ಯಾನಿಫೋಲ್ಡ್ ಮೇಲೆ ಆಯಿಲ್ ಬಿದ್ರೆ ಬೆಂಕಿನೂ ಹತ್ಕೋಬಹುದು.

ಕೆಲ್ಸ ಮುಗಿಸಿ ಕೊಟ್ಟ ಮೇಲೆ ಸ್ವಲ್ಪ ದಿನ ಒಣಗೇ ಇತ್ತು. ಆಮೇಲೆ ಹಿಂದಿನ ಮೂಲೇಲಿ, ಕಣ್ಣಿಗೆ ಸುಲಭಕ್ಕೆ ಕಾಣದ ಜಾಗದಲ್ಲಿ, ಮತ್ತೆ ಲೀಕ್. ಇಂಜಿನ್ ಜರ್ಕ್ ಹೊಡೆಯೋಕೆ ಶುರುವಾಯ್ತು, ಪ್ಲಗ್ ಬಿಚ್ಚಿದ್ರೆ ಪ್ಲಗ್ ಕೂರೋ ಗುಂಡಿ ತುಂಬ ಆಯಿಲ್. ಇಷ್ಟಾದ್ರೂ ಪರ್ವಾಗಿರ್ಲಿಲ್ಲ, ಇಂಜಿನ್ ಕಾದು ಐಡಲ್‌ಗೆ ಬಂದಾಗ ಆಯಿಲ್ ಪ್ರೆಶರ್ ಲೈಟ್ ಮಿಣುಕ್ ಮಿಣುಕ್ ಅನ್ನೋಕೆ ಶುರು ಮಾಡಿದಾಗ ನಿಜಕ್ಕೂ ಎದೆ ಝಲ್ ಅಂತು.

ಬೇರೆ ಮೆಕ್ಯಾನಿಕ್ ಒಬ್ರು ಕವರ್ ಬಿಚ್ಚಿದ್ರು. ಒಳಗೆ ಅದೇ ಹಳೇ ಪ್ಯಾಕಿಂಗ್! ಕೈಯಲ್ಲಿ ಬಗ್ಗಿಸಿದ್ರೆ ಒಣ ಕಡ್ಡಿ ತರ ಪಟ್ ಅಂತ ಮುರೀತು. ಅದರ ಮೇಲೆ ಸುತ್ತಲೂ ಸಿಲಿಕಾನ್ ಪೇಸ್ಟ್. ಹೊರಗೆ ಕಾಣೋ ಅಂಚನ್ನ ಒರೆಸಿ ನೀಟ್ ಮಾಡಿದ್ರು, ಆದ್ರೆ ಟೈಟ್ ಮಾಡ್ದಾಗ ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿರತ್ತಲ್ಲ, ಅದು ಹರಿದು ಆಯಿಲ್ ಜೊತೆ ಕೆಳಗೆ ಇಳ್ದಿದೆ. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಸಂಪ್ ಇಳಿಸಿದ್ರೆ ಆಯಿಲ್ ಪಂಪ್ ಸ್ಟ್ರೈನರ್ ಜಾಲರಿಗೆ ಆ ಪೇಸ್ಟ್ ಎಳೆಗಳು ಅಂಟ್ಕೊಂಡು ಅರ್ಧ ಮುಚ್ಚಿಹೋಗಿತ್ತು, ಪಂಪ್‌ಗೆ ಆಯಿಲ್ ಎಲ್ಲಿಂದ ಸಿಗ್ಬೇಕು ಹೇಳಿ. ಇನ್ನೂ ಓಡಿಸಿದ್ರೆ ಬೇರಿಂಗ್ ಹೋಗಿ ಇಂಜಿನ್ನೇ ಕೂತುಬಿಡ್ತಿತ್ತು.

ಕವರ್ ಬೋಲ್ಟ್ ಕಥೆ ಬೇರೆ. ಇವು ಸಾಮಾನ್ಯವಾಗಿ ಸಣ್ಣ ಎಂ6 ಬೋಲ್ಟು, ಹೆಚ್ಚಿನ ಇಂಜಿನ್‌ಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸು ಟಾರ್ಕ್ (ಟೈಟ್ ಮಾಡೋ ಬಲ) ಸಾಕು, ನಿಮ್ಮ ಗಾಡಿದು ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲೇ ನೋಡಿ. ಉದ್ದ ಹ್ಯಾಂಡಲ್ ಹಾಕಿ ಮೈಯೆಲ್ಲ ಬಿಟ್ಟು ತಿರುಗಿಸಿದ್ರೆ ಕವರ್ ಕೂರೋ ಅಲ್ಯೂಮಿನಿಯಂ ಹೆಡ್‌ನಲ್ಲಿ ಥ್ರೆಡ್ ಉಳಿಯತ್ತಾ? ನಂದ್ರಲ್ಲಿ ಒಂದು ಥ್ರೆಡ್ ಪೂರ್ತಿ ಹೋಗಿತ್ತು, ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡೋ ಸ್ಪ್ರಿಂಗ್ ತರದ ಸುರುಳಿ) ಹಾಕಿ ಉಳಿಸ್ಕೊಂಡ್ರು.

ಪೇಸ್ಟ್ ಬೇಡ್ವೇ ಬೇಡ ಅಂತಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಅರ್ಧಚಂದ್ರ ಆಕಾರದ ಮೂಲೆಗೆ, ಕ್ಯಾಮ್ ಶಾಫ್ಟ್ ಹಿಡಿಯೋ ಕ್ಯಾಪ್ ಹೆಡ್‌ಗೆ ಕೂಡೋ ಜಾಗಕ್ಕೆ ಒಂದೊಂದು ಚಿಕ್ಕ ಬೊಟ್ಟು ಹಾಕಿ ಅಂತ ಕಂಪ್ನಿಯೋರೇ ಹೇಳಿರ್ತಾರೆ. ರಬ್ಬರ್ ಪ್ಯಾಕಿಂಗ್ ಇರೋ ಕವರ್‌ಗೆ ಸುತ್ತಲೂ ಬಳಿಯೋದು ಮಾತ್ರ ಶುದ್ಧ ಕಳ್ಳ ಕೆಲ್ಸ.

ಕೆಲ್ಸಕ್ಕೆ ಬಿಡೋ ಮುಂಚೆನೇ ಬಿಚ್ಚಿದ ಹಳೆ ಪ್ಯಾಕಿಂಗ್ ನಂಗೆ ಕೊಡಿ ಅಂತ ಹೇಳ್ಬಿಡಿ, ಮುಖ ಸಿಂಡರಿಸಿದ್ರೆ ಅಲ್ಲೇ ಗೊತ್ತಾಗತ್ತೆ. ಪ್ಲಗ್ ಗುಂಡಿ ಸೀಲು, ಬೋಲ್ಟ್ ಕೆಳಗಿನ ರಬ್ಬರ್ ವಾಷರ್ ಇದ್ರೆ ಅದನ್ನೂ ಒಟ್ಟಿಗೇ ಬದಲಾಯಿಸಿ, ಅವೂ ಅದೇ ವಯಸ್ಸಿನವು. ಹೆಡ್ ಮೇಲಿನ ಹಳೆ ಅಂಟು ಕೆರೆಯೋಕೆ ಗ್ರೈಂಡರ್‌ಗೆ ಉಜ್ಜೋ ಪ್ಯಾಡ್ ಹಾಕಿದ್ರೆ ತಡೀರಿ, ಆ ಪುಡಿ ಒಳಗೆ ಬಿದ್ರೆ ಬೇರಿಂಗ್ ತಿನ್ನತ್ತೆ, ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಇಂಜಿನ್ ಒಳಗೆ ತುಂಬೋ ಗ್ಯಾಸ್ ಆಚೆ ಬಿಡೋ ಪಿಸಿವಿ ವಾಲ್ವ್, ಬ್ರೀದರ್ ಪೈಪ್ ಕಟ್ಟಿದ್ಯಾ ನೋಡ್ಸಿ, ಅದು ಬ್ಲಾಕ್ ಆಗಿ ಒಳಗೆ ಪ್ರೆಶರ್ ತುಂಬಿದ್ರೆ ಹೊಸ ಪ್ಯಾಕಿಂಗ್ ಸಂದಿಂದಲೂ ಆಯಿಲ್ ಹೊರಗೆ ಬರತ್ತೆ.

ಮೊದಲ್ನೋರಿಗೆ ಆ ಮುರಿದ ತುಂಡು ತೋರಿಸಿ ಕೇಳಿದ್ದಕ್ಕೆ "ಹಳೆ ಗಾಡಿ ಸಾರ್, ಇಷ್ಟೇ" ಅಂದ್ರು. ದುಡ್ಡು ವಾಪಸ್ ಬರ್ಲಿಲ್ಲ. ನಿಮ್ ಗಾಡಿಗೂ ಈಗಾಗ್ಲೇ ಹಿಂಗೆ ಮೆತ್ತಿಸ್ಕೊಂಡಿದ್ದು, ಆಯಿಲ್ ಲೈಟ್ ಒಂದ್ಸಲ ಮಿಣುಕಿದ್ರೂ ತಕ್ಷಣ ಇಂಜಿನ್ ಆಫ್ ಮಾಡಿ, ಆಯಿಲ್ ಲೆವೆಲ್ ಸರಿ ಇದ್ರೆ ಸುಮ್ನೆ ಮೇಲೆ ಹಾಕ್ತಾ ಕೂರದೆ ಗಾಡಿನ ಎಳೆಸ್ಕೊಂಡು ಹೋಗಿ ಸಂಪ್ ಇಳಿಸಿ ಜಾಲರಿ ನೋಡ್ಸಿ.