ಕಾಂಡ್ಲಾ ಕೆಸರಿನ ಏಡಿಗೆ ಯಾವ ತಂತ್ರಾಂಶ: ಬೋರಿಸ್, ಈಝಿಟ್ರ್ಯಾಕ್, ಡೀಪ್‌ಲ್ಯಾಬ್‌ಕಟ್

ಪ್ರಾಣಿಯ ನರಮಂಡಲದ ಬಗ್ಗೆ ಏನನ್ನು ಕೇಳಹೊರಟರೂ ಅದರ ವರ್ತನೆಯನ್ನು ಮೊದಲು ಅಳೆಯಲೇಬೇಕು. ಅಳೆಯುವ ವಾಣಿಜ್ಯ ತಂತ್ರಾಂಶಗಳ ಬೆಲೆ ಮಾತ್ರ ಒಂದು ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಎಟುಕುವಂಥದ್ದಲ್ಲ. ಆದ್ದರಿಂದ ಮುಕ್ತ ಆಕರದ ಮೂರು ತಂತ್ರಾಂಶಗಳನ್ನು ನಮ್ಮ ಕಾರವಾರದ ಒಂದೇ ಪ್ರಾಣಿಯ ಮೇಲೆ ವಿದ್ಯಾರ್ಥಿಗಳೊಂದಿಗೆ ಬಳಸಿ ನೋಡಿದೆ. ಕಾಳಿ ನದಿಯ ಅಳಿವೆಯಲ್ಲಿ ನೀರಿಳಿದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಿಂದ ಹೊರಬರುವ ಪಿಟೀಲು ಏಡಿಯೇ ಆ ಪ್ರಾಣಿ. ಗಂಡಿನ ಇಕ್ಕಳದಂಥ ಎರಡು ಕೊಂಬುಗಳಲ್ಲಿ ಒಂದು ಬಹಳ ದೊಡ್ಡದು. ಅದನ್ನೆತ್ತಿ ಬೀಸುತ್ತ ಅದು ಹೆಣ್ಣನ್ನು ಕರೆಯುತ್ತದೆ, ಅಕ್ಕಪಕ್ಕದ ಗಂಡುಗಳನ್ನು ದೂರವಿಡುತ್ತದೆ. ಮುಕ್ಕಾಲಿಗೆ ಸಿಕ್ಕಿಸಿದ ಮೊಬೈಲ್ ಫೋನೇ ನಮ್ಮ ಕ್ಯಾಮೆರಾ.

ಇಟಲಿಯ ಟುರಿನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2016ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟವಾದ ಬೋರಿಸ್ ತಾನಾಗಿ ಏನನ್ನೂ ಗುರುತಿಸುವುದಿಲ್ಲ. ವರ್ತನೆಗಳ ಪಟ್ಟಿಯನ್ನು, ಅಂದರೆ ಎಥೋಗ್ರಾಮನ್ನು, ನಾವೇ ಬರೆದು ಪ್ರತಿಯೊಂದಕ್ಕೂ ಕೀಲಿಮಣೆಯ ಒಂದು ಅಕ್ಷರ ಕೊಟ್ಟು, ವಿಡಿಯೊ ನೋಡುತ್ತ ಅದನ್ನು ಒತ್ತಬೇಕು. ಹಳೆಯ ಲ್ಯಾಪ್‌ಟಾಪಿನಲ್ಲೂ ಇದು ನಡೆಯುತ್ತದೆ. ಮೇಯುವುದು ಆರಂಭ ಮತ್ತು ಅಂತ್ಯವುಳ್ಳ ಸ್ಥಿತಿ, ಕೊಂಬು ಬೀಸುವುದು ಕ್ಷಣದ ಘಟನೆ ಎಂದು ಪಟ್ಟಿಯಲ್ಲಿ ಬೇರ್ಪಡಿಸುವಾಗಲೇ ನಿಜವಾದ ಪಾಠ ಆರಂಭವಾಗುತ್ತದೆ. ನಮ್ಮ ತರಗತಿಯಲ್ಲಿ ಒಬ್ಬಳು ಕೊಂಬು ಮೇಲೇರಿದ ಕೂಡಲೇ ಕೀಲಿ ಒತ್ತುತ್ತಿದ್ದಳು, ಇನ್ನೊಬ್ಬ ಅದು ಕೆಳಗಿಳಿದು ನಿಂತ ಮೇಲೆ ಒತ್ತುತ್ತಿದ್ದ. ಮೇಯುತ್ತಲೇ ಅರ್ಧಕ್ಕೆ ಎತ್ತಿದ ಕೊಂಬನ್ನು ಅವಳು ಲೆಕ್ಕಕ್ಕೆ ಹಿಡಿದಳು, ಅವನು ಬಿಟ್ಟ. ಇಬ್ಬರು ವೀಕ್ಷಕರ ಹೊಂದಾಣಿಕೆಯನ್ನು ಕೋಹೆನ್ ಕಪ್ಪಾ ಎಂಬ ಅಳತೆಯಲ್ಲಿ ಬೋರಿಸ್ ತೋರಿಸಿದಾಗ ವ್ಯಾಖ್ಯೆಯನ್ನು ತಿದ್ದಬೇಕೆಂದು ಅವರೇ ಕಂಡುಕೊಂಡರು. ಇಂಥ ಚರ್ಚೆಯನ್ನು ಉಳಿದೆರಡು ತಂತ್ರಾಂಶಗಳು ಹುಟ್ಟಿಸಲಾರವು. ಸಮಯ ಮಾತ್ರ ಧಾರಾಳವಾಗಿ ಬೇಕು, ಏಕೆಂದರೆ ನಿಧಾನಗತಿಯಲ್ಲಿ ನೋಡುವಾಗ ಚಿಕ್ಕ ವಿಡಿಯೊ ಕೂಡ ಇಡೀ ಮಧ್ಯಾಹ್ನವನ್ನು ತೆಗೆದುಕೊಳ್ಳುತ್ತದೆ.

2019ರಲ್ಲಿ ಪ್ರಕಟವಾದ ಈಝಿಟ್ರ್ಯಾಕ್ ಬ್ರೌಸರಿನಲ್ಲಿ ಕೋಡನ್ನು ತುಣುಕು ತುಣುಕಾಗಿ ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ನಡೆಯುತ್ತದೆ, ಭಾರಿ ಲೆಕ್ಕಾಚಾರಕ್ಕೆ ಬಳಸುವ ಗ್ರಾಫಿಕ್ಸ್ ಸಂಸ್ಕಾರಕವನ್ನು (ಜಿಪಿಯು) ಬೇಡುವುದಿಲ್ಲ. ಖಾಲಿ ಹಿನ್ನೆಲೆಯ ಚಿತ್ರದೊಂದಿಗೆ ವಿಡಿಯೊದ ಪ್ರತಿ ಚೌಕಟ್ಟನ್ನೂ (ಫ್ರೇಮ್) ಹೋಲಿಸಿ ಪ್ರಾಣಿಯ ಸ್ಥಾನ ಹೇಳುವುದು ಅದರ ವಿಧಾನವಾದ್ದರಿಂದ, ಒಂದೇ ಪ್ರಾಣಿ, ಅಲುಗದ ಕ್ಯಾಮೆರಾ, ಸ್ಥಿರ ಬೆಳಕು ಈ ಮೂರೂ ಇರಲೇಬೇಕು. ಎಲೆಗಳ ನೆರಳಾಡುವ, ಹತ್ತಾರು ಏಡಿಗಳು ಓಡಾಡುವ ಕೆಸರಿನಲ್ಲಿ ಅದರಿಂದ ಉಪಯೋಗವಿಲ್ಲ. ಪ್ರಯೋಗಾಲಯದ ಬಿಳಿ ಟ್ರೇಯಲ್ಲಿ ಒಂದು ಏಡಿಯನ್ನು ಬಿಟ್ಟು ಮೇಲಿನಿಂದ ಚಿತ್ರೀಕರಿಸಿದಾಗ ಅದೇ ತಂತ್ರಾಂಶ ಅಚ್ಚುಕಟ್ಟಾಗಿ ಕೆಲಸ ಮಾಡಿತು: ಕ್ರಮಿಸಿದ ದೂರ, ಅಂಚಿನಲ್ಲಿ ಕಳೆದ ಸಮಯ, ನಡುವೆ ಕಳೆದ ಸಮಯ ಎಲ್ಲವೂ ಒಂದೇ ತರಗತಿಯ ಅವಧಿಯಲ್ಲಿ ಕೈಗೆ ಬಂದವು. (ಏಡಿಯನ್ನು ಅದೇ ದಿನ ಹಿಡಿದ ಜಾಗದಲ್ಲೇ ಬಿಡುವುದು ನಮ್ಮಲ್ಲಿ ಕಡ್ಡಾಯ.) ಒಂದು ಎಚ್ಚರಿಕೆ ಅಗತ್ಯ. ಏಡಿ ಬಹುಹೊತ್ತು ಒಂದೇ ಮೂಲೆಯಲ್ಲಿ ಕುಳಿತರೆ ತಂತ್ರಾಂಶ ಅದನ್ನೂ ಹಿನ್ನೆಲೆಯ ಭಾಗವೆಂದು ತಿಳಿಯುತ್ತದೆ. ಆದ್ದರಿಂದ ಖಾಲಿ ಟ್ರೇಯ ಪ್ರತ್ಯೇಕ ವಿಡಿಯೊ ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಮೆಕೆಂಝಿ ಮ್ಯಾಥಿಸ್ ಮತ್ತು ಅಲೆಕ್ಸಾಂಡರ್ ಮ್ಯಾಥಿಸ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಡೀಪ್‌ಲ್ಯಾಬ್‌ಕಟ್‌ನ ಶಕ್ತಿ ಬೇರೆಯೇ ಮಟ್ಟದ್ದು: ಪ್ರಾಣಿಯ ಒಂದೊಂದು ಅಂಗವೂ ಪ್ರತಿ ಚೌಕಟ್ಟಿನಲ್ಲಿ ಎಲ್ಲಿದೆಯೆಂದು ಅದು ತಾನೇ ಗುರುತಿಸುತ್ತದೆ. ಸಾಮಾನ್ಯ ಚಿತ್ರಗಳ ಮೇಲೆ ಮೊದಲೇ ತರಬೇತಿ ಪಡೆದ ಕೃತಕ ನರಜಾಲವನ್ನು ಬಳಸುವುದರಿಂದ ಸುಮಾರು 200 ಚೌಕಟ್ಟುಗಳಲ್ಲಿ ಅಂಗಗಳನ್ನು ಗುರುತಿಸಿಕೊಟ್ಟರೆ ಸಾಕಾಗಬಹುದೆಂದು ಆ ಪ್ರಬಂಧವೇ ತೋರಿಸಿತ್ತು. ನಾವು ದೊಡ್ಡ ಕೊಂಬಿನ ತುದಿ, ಬುಡ, ಎರಡು ಕಣ್ಣಿನ ಕಡ್ಡಿಗಳು ಮತ್ತು ಚಿಪ್ಪಿನ ಅಂಚುಗಳನ್ನು ಗುರುತಿಸಿದೆವು. ತರಬೇತಿ ಮುಗಿದ ಮೇಲೆ ಕೊಂಬಿನ ತುದಿಯ ಎತ್ತರವನ್ನು ಕಾಲದೆದುರು ನಕ್ಷೆಯಾಗಿ ಬಿಡಿಸಿದಾಗ ಒಂದೊಂದು ಬೀಸೂ ಪ್ರತ್ಯೇಕ ಶಿಖರವಾಗಿ ಎದ್ದುನಿಂತಿತು. ಏರುವ ವೇಗ, ಇಳಿಯುವ ವೇಗ, ಎರಡು ಬೀಸುಗಳ ನಡುವಿನ ವಿರಾಮ, ಇವು ಕಣ್ಣಳತೆಗೆ ಸಿಗುವಂಥವಲ್ಲ. ಏಡಿ ಬಿಲಕ್ಕಿಳಿದಾಗ ಕಾಣದ ಅಂಗಕ್ಕೂ ಈ ತಂತ್ರಾಂಶ ಒಂದು ಸ್ಥಾನ ಸೂಚಿಸುತ್ತದೆ, ಆದರೆ ಜೊತೆಯಲ್ಲಿ ಕೊಡುವ ಸಂಭಾವ್ಯತೆಯ ಅಂಕಿ ಕುಸಿದಿರುತ್ತದೆ; ಆ ಅಂಕಿಗೆ ಮಿತಿ ಹಾಕದೆ ದತ್ತಾಂಶವನ್ನು ನಂಬಬಾರದು. ತರಬೇತಿಗೆ ಜಿಪಿಯು ಇಲ್ಲದಿದ್ದರೆ ಕೆಲಸ ಅಸಹನೀಯವಾಗಿ ಮಂದವಾಗುತ್ತದೆ, ಅಂತರ್ಜಾಲದ ಮೂಲಕ ದೂರದ ಜಿಪಿಯು ಬಳಸುವುದಾದರೆ ದೊಡ್ಡ ವಿಡಿಯೊಗಳನ್ನು ಏರಿಸಬೇಕಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆಯ ಸಂಪರ್ಕಕ್ಕೆ ಅದು ಸುಲಭವಲ್ಲ.

ಬೋಧನೆಗಾದರೆ ನಾನು ಹಿಂದೆಮುಂದೆ ನೋಡದೆ ಬೋರಿಸನ್ನೇ ಆರಿಸುತ್ತೇನೆ. ಟ್ರೇಯ ಪ್ರಯೋಗವೊಂದಕ್ಕೆ ಈಝಿಟ್ರ್ಯಾಕ್ ಸಾಕು. ಚಲನೆಯ ಲಯವೇ ಪ್ರಶ್ನೆಯಾಗಿರುವ ಸಂಶೋಧನೆಗೆ ಡೀಪ್‌ಲ್ಯಾಬ್‌ಕಟ್ ಬೇಕೇ ಬೇಕು, ಆದರೆ ಅದು ಕೊಡುವುದು ಬಿಂದುಗಳ ಸ್ಥಾನವನ್ನಷ್ಟೇ. ಆ ಬೀಸು ಕರೆಯೋ ಬೆದರಿಕೆಯೋ ಎಂಬುದನ್ನು ಬೋರಿಸ್‌ನಲ್ಲಿ ಮನುಷ್ಯರು ಗುರುತಿಸಿದ ದಾಖಲೆಯಿಂದಲೇ ಪಡೆಯಬೇಕು. ಹೀಗಾಗಿ ಒಂದೇ ವಿಡಿಯೊದ ಎರಡೂ ದಾಖಲೆಗಳನ್ನು ಕಾಲಮುದ್ರೆಯ ಆಧಾರದಲ್ಲಿ ಜೋಡಿಸುವುದೇ ನಮ್ಮ ವಿಭಾಗದ ಈಗಿನ ಕ್ರಮ. ಮೈಮೇಲೆ ಎರಗಿ ಬರುವಂತೆ ಹಿಗ್ಗುವ ನೆರಳಿಗೆ ಏಡಿಗಳ ದೃಷ್ಟಿಮಂಡಲದ ದೈತ್ಯ ನರಕೋಶಗಳು ಸ್ಪಂದಿಸುತ್ತವೆ ಎಂಬುದು ಅರ್ಜೆಂಟೀನಾದ ನಿಯೋಹೆಲಿಸ್ ಏಡಿಯ ಅಧ್ಯಯನಗಳಿಂದ ತಿಳಿದಿದೆ. ಅಂಥ ನೆರಳನ್ನು ಪರದೆಯ ಮೇಲೆ ಮೂಡಿಸಿ, ಏಡಿ ಓಡುವ ಕ್ಷಣವನ್ನು ಆಗಿಂದಾಗಲೇ ಹಿಡಿಯಬೇಕೆನ್ನುವವರು ಈ ಮೂರನ್ನೂ ಬಿಟ್ಟು ಬೋನ್ಸಾಯ್ ಎಂಬ ತಂತ್ರಾಂಶದ ಕಡೆ ಹೋಗಬೇಕು.