ಎತ್ತರ ಅಳೆದು ಆಡಿಸುವ ಫುಟ್‌ಬಾಲ್ ಕೋಚಿಂಗ್

ಜೆ.ಪಿ. ನಗರದ ಕಡೆ ಮಕ್ಕಳಿಗೆ ಫುಟ್‌ಬಾಲ್ ಕೋಚಿಂಗ್ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗನಿಗೆ 13 ವರ್ಷ. ಮುಂಚೆ ಹೋಗುತ್ತಿದ್ದ ಕಡೆ 'ತುಂಬಾ ಸಣ್ಣ ಇದ್ದಾನೆ' ಅಂತ ಬೆಂಚಿನಲ್ಲೇ ಕೂರಿಸುತ್ತಿದ್ದರು. ನನಗೆ ಬಹಳ ಬೇಜಾರಾಗುತ್ತಿತ್ತು.

ಈಗ ಸೇರಿಸಿರುವ ಈ ಕೋಚಿಂಗ್‌ನಲ್ಲಿ ಮೂರು ತಿಂಗಳಿಗೊಮ್ಮೆ ಮಕ್ಕಳ ಎತ್ತರ, ತೂಕ ನೋಡುತ್ತಾರೆ. ಅಪ್ಪ ಅಮ್ಮನ ಎತ್ತರವನ್ನೂ ಕೇಳುತ್ತಾರೆ. 1994ರಲ್ಲಿ ಬಂದ ಖಾಮಿಸ್-ರೋಶ್ ಲೆಕ್ಕ ಹಾಕಿ, ಹುಡುಗ ದೊಡ್ಡವನಾದಾಗ ಎಷ್ಟು ಎತ್ತರ ಆಗಬಹುದು, ಈಗ ಅದರಲ್ಲಿ ಶೇಕಡಾ ಎಷ್ಟು ಬೆಳೆದಿದ್ದಾನೆ ಅಂತ ಅಂದಾಜು ಮಾಡುತ್ತಾರೆ. ಗಂಡು ಮಕ್ಕಳು ಸಾಮಾನ್ಯವಾಗಿ 13-14ರ ಸುಮಾರಿಗೆ ದಿಢೀರನೆ ಉದ್ದ ಆಗುತ್ತಾರೆ, ಹೆಣ್ಣು ಮಕ್ಕಳು ಸುಮಾರು ಎರಡು ವರ್ಷ ಮುಂಚೆ. ಎಲ್ಲರಿಗೂ ಒಂದೇ ಸಮಯಕ್ಕೆ ಆಗಲ್ಲ ಅಲ್ವಾ? ಬೇಗ ಮೀಸೆ ಚಿಗುರಿದ ಹುಡುಗನ ವೇಗ, ಬಲ ನೋಡಿ ಅದನ್ನೇ ಪ್ರತಿಭೆ ಅಂದುಕೊಂಡುಬಿಡುತ್ತಾರೆ. ಅದಕ್ಕೇ ಇವರು ಕೆಲವು ಶನಿವಾರ ವಯಸ್ಸು ಬಿಟ್ಟು ಬೆಳವಣಿಗೆ ನೋಡಿ ತಂಡ ಮಾಡುತ್ತಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ಮಾಡಿ ನೋಡಿದ ಬಯೋ-ಬ್ಯಾಂಡಿಂಗ್ ಇದೇ. ಆ ಆಟಗಳಲ್ಲಿ ನನ್ನ ಮಗನ ಪಾಸಿಂಗ್ ಎದ್ದು ಕಾಣುತ್ತದೆ. ನೋಡಿ ತುಂಬಾ ಖುಷಿಯಾಯಿತು.

ಮಂಡಿ ಕೆಳಗೆ ನೋವು ಅಂದಾಗ ಕೋಚ್ ಸುಮ್ನೆ 'ಓಡು' ಅನ್ನಲಿಲ್ಲ. ಜಿಗಿತ ಕಡಿಮೆ ಮಾಡಿಸಿ ಫಿಸಿಯೋ ಹತ್ತಿರ ಕಳಿಸಿದರು. ಆಸ್‌ಗುಡ್-ಶ್ಲಾಟರ್ ಅಂತೆ, ಬೆಳೆಯುವ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ.

ಫೀಸು ಜಾಸ್ತಿಯೇ. ಸಂಜೆ ಪಾರ್ಕಿಂಗ್ ಸಿಗುವುದು ಕಷ್ಟ, ಮೆಟ್ರೋದಲ್ಲಿ ಬನ್ನಿ. ಸೇರಿಸುವ ಮುಂಚೆ ಅಳತೆಯ ಚಾರ್ಟ್ ಕೇಳಿ, ಕೂರಿಸಿಕೊಂಡು ವಿವರಿಸುತ್ತಾರೆ.